ಪೊಟ್ಟಣದಲ್ಲಿ ಇನ್ನೇನಿತ್ತು? ಕಲಬುರಗಿ ಜಿಲ್ಲೆಯ ಒಂದು ಪ್ರಕರಣ

ಇಲ್ಲಿ ಬರುವ ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ರೋಗ ನಡೆದ ದಾರಿಯನ್ನೂ ನಾನು ಎಡವಿದ ಜಾಗಗಳನ್ನೂ ಬದಲಿಸಿಲ್ಲ.

ಹಿನ್ನೆಲೆ

ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಮುಂಗಾರಿನಿಂದ ಸಂಕ್ರಾಂತಿಯವರೆಗೆ ಎಲ್ಲರ ದಿನಚರಿಯನ್ನೂ ತೊಗರಿಯೇ ನಿರ್ಧರಿಸುತ್ತದೆ. ಜೂನ್, ಜುಲೈನಲ್ಲಿ ಬಿತ್ತನೆ, ಆಮೇಲೆ ಕಳೆ ಕೀಳುವುದು, ಹೂ ಕಾಯಿ ಕಟ್ಟುವಾಗ ಎಣ್ಣೆ ಹೊಡೆಯುವುದು, ಡಿಸೆಂಬರ್, ಜನವರಿಯಲ್ಲಿ ಕೊಯ್ಲು ಮತ್ತು ರಾಶಿ. ಇಲ್ಲಿ ಎಣ್ಣೆ ಎಂದರೆ ಕೀಟನಾಶಕ. ಈ ಮಾತು ಮುಂದೆ ಬೇಕಾಗುತ್ತದೆ.

ನಲವತ್ತರ ಆಸುಪಾಸಿನ ಈ ತಾಯಿಗೆ ಸ್ವಂತದ್ದು ಒಂದೂವರೆ ಎಕರೆ. ಉಳಿದ ದಿನ ಬೇರೆಯವರ ಹೊಲದಲ್ಲಿ ಕೂಲಿ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋದರೆ ಸಂಜೆಯವರೆಗೆ ಮನೆಯ ಕಡೆ ಬರುವಂತಿಲ್ಲ. ಹೊಲದಲ್ಲಿ ಗಂಡಸರೂ ಇರುತ್ತಾರೆ, ಮರೆ ಇರುವುದಿಲ್ಲ. ಹಾಗಾಗಿ ಮೂತ್ರಕ್ಕೆ ಹೋಗುವ ಪ್ರಸಂಗವೇ ಬರದಿರಲಿ ಎಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅವರೊಬ್ಬರಲ್ಲ, ಆ ಗುಂಪಿನ ಅಷ್ಟೂ ಹೆಣ್ಣುಮಕ್ಕಳು. ನನ್ನ ಬಳಿ ಉರಿಮೂತ್ರವೆಂದು ಬರುವ ಹೆಂಗಸರಲ್ಲಿ ಅರ್ಧದಷ್ಟು ಜನರ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ.

ಆಗಸ್ಟ್‌ನಲ್ಲಿ ಕಳೆ ಕೀಳುವ ದಿನಗಳಲ್ಲಿ ಅವರಿಗೆ ಮೊದಲ ಬಾರಿ ಉರಿ ಕಾಣಿಸಿತು. ಸೊಂಟ ನೋವೂ ಇತ್ತು. ಪಕ್ಕದ ದೊಡ್ಡ ಊರಿನ ಬಸ್ ನಿಲ್ದಾಣದ ಎದುರು ಒಂದು ಔಷಧ ಅಂಗಡಿ ಇದೆ. ಅಲ್ಲಿ ಕಷ್ಟ ಹೇಳಿಕೊಂಡರೆ ಎರಡು ಮೂರು ಪಟ್ಟಿಗಳಿಂದ ಒಂದೊಂದು ಗುಳಿಗೆ ಕತ್ತರಿಸಿ ಕಾಗದದಲ್ಲಿ ಮಡಚಿ ಕೊಡುತ್ತಾರೆ. ಒಂದು ಪೊಟ್ಟಣ ಒಂದು ಹೊತ್ತಿಗೆ. ಎರಡು ಪೊಟ್ಟಣಕ್ಕೆ ನೋವು ಇಳಿಯಿತು, ಮೂರನೆಯದನ್ನು ಅವರು ಗೂಡಿನಲ್ಲಿ ಎತ್ತಿಟ್ಟರು. ಡಿಸೆಂಬರ್ ಬರುವ ಹೊತ್ತಿಗೆ ಹೀಗೆ ಆರು ಬಾರಿ ಆಗಿತ್ತು.

ಮೊದಲ ಭೇಟಿ

ಡಿಸೆಂಬರ್ ಎರಡನೆಯ ವಾರ ಅವರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಉರಿಮೂತ್ರ, ಸೊಂಟ ನೋವು, ಹೊಟ್ಟೆಯಲ್ಲಿ ಸಂಕಟ. ಜ್ವರ ನೋಡಿದೆ, ಇರಲಿಲ್ಲ. ಬೆನ್ನಿನ ಪಕ್ಕೆ ತಟ್ಟಿ ನೋಡಿದಾಗ ಸ್ವಲ್ಪ ನೋವು ಅಂದರು, ಕೊಯ್ಲಿನ ಕಾಲದಲ್ಲಿ ಯಾರ ಬೆನ್ನು ನೋಯುವುದಿಲ್ಲ ಎಂದುಕೊಂಡೆ.

"ಅಕ್ಕಾ, ಇದಕ್ಕೆ ಮೊದಲೇನಾದರೂ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದೀರಾ?" ಎಂದು ಕೇಳಿದೆ.

"ಇಲ್ಲ ಡಾಕ್ಟರ್ ಸಾಹೇಬರೇ, ಬರೀ ನೋವಿನ ಗುಳಿಗೆ."

ಅವರು ಸುಳ್ಳು ಹೇಳಲಿಲ್ಲ. ಅಂಗಡಿಯಲ್ಲಿ ಅವರು ಕೇಳಿದ್ದು ನೋವಿನ ಗುಳಿಗೆ, ಕೊಟ್ಟವರು ಹೇಳಿದ್ದೂ ಅದನ್ನೇ. ನಾನು ಆ ಉತ್ತರವನ್ನು ನಂಬಿ ಮುಂದಿನ ಸಾಲಿಗೆ ಹೋದೆ. ಮೂತ್ರದ ಕಲ್ಚರ್ ಮಾಡಿಸಬಹುದಿತ್ತು, ಅಂದರೆ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ. ವರದಿ ಬರಲು ಎರಡು ದಿನ ಬೇಕು, ಅವರು ಮತ್ತೆ ಬಸ್ ಹಿಡಿದು ಬರಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಹೀಗೆ ಅವರ ಪರವಾಗಿ ನಾನೇ ಲೆಕ್ಕ ಹಾಕಿ ಕಲ್ಚರ್ ಕೈಬಿಟ್ಟೆ. ಐದು ದಿನಕ್ಕೆ ಆಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಬರೆದೆ. ಹೊಟ್ಟೆ ಸಂಕಟಕ್ಕೆಂದು ಆಮ್ಲ ಶಮನದ ದ್ರವೌಷಧವನ್ನೂ ಬರೆದೆ. ನೋವಿನ ಗುಳಿಗೆ ಮುಂದುವರಿಸಬೇಕೇ ಎಂದು ಅವರು ಕೇಳಿದಾಗ, ಬೇಕೆನಿಸಿದರೆ ತೆಗೆದುಕೊಳ್ಳಿ ಎಂದೆ.

ಆ ಚೀಟಿಯ ನಕಲು ಈಗಲೂ ನನ್ನ ಬಳಿ ಇದೆ. ಅದರಲ್ಲಿ ಮೂರು ತಪ್ಪುಗಳಿವೆ.

ಜ್ವರ ಇರಲಿಲ್ಲ ಎಂಬುದು ಮೊದಲನೆಯದು. ಅವರು ಬಸ್ ಹತ್ತುವ ಮೊದಲು ಒಂದು ಪೊಟ್ಟಣ ನುಂಗಿದ್ದರು, ಅದರಲ್ಲಿ ಪ್ಯಾರಸಿಟಮಾಲ್ ಇತ್ತು, ಐಬುಪ್ರೊಫೇನ್ ಇತ್ತು. ಎರಡೂ ಜ್ವರ ಇಳಿಸುವ ಔಷಧಗಳೇ. ನನ್ನ ಥರ್ಮಾಮೀಟರ್ ತೋರಿಸಿದ್ದು ಪೊಟ್ಟಣದ ಕೆಲಸವನ್ನು. ಸೋಂಕು ಅಷ್ಟರಲ್ಲಿ ಮೂತ್ರಕೋಶ ದಾಟಿ ಮೂತ್ರಪಿಂಡ ಮುಟ್ಟಿತ್ತು ಎಂದು ಈಗ ನನಗೆ ಅನಿಸುತ್ತದೆ. ಕೊನೆಯ ಗುಳಿಗೆ ಎಷ್ಟು ಹೊತ್ತಿಗೆ ತೆಗೆದುಕೊಂಡಿರಿ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಎರಡನೆಯದು ಆ ದ್ರವೌಷಧ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಲವಣಗಳು ಆಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್‌ನಂತಹ ಔಷಧಗಳನ್ನು ಕರುಳಿನಲ್ಲೇ ಹಿಡಿದುಕೊಂಡು ಬಿಡುತ್ತವೆ. ಔಷಧ ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾಗುತ್ತದೆ. ಕಬ್ಬಿಣಾಂಶವೂ ಹೀಗೆಯೇ ಮಾಡುತ್ತದೆ, ಮತ್ತು ಅವರು ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಗುಳಿಗೆಯನ್ನೂ ನುಂಗುತ್ತಿದ್ದರು. ನಾನು ಕೇಳಿರಲಿಲ್ಲ. ಇವುಗಳ ನಡುವೆ ಕೆಲವು ಗಂಟೆಗಳ ಅಂತರವಿಡಿ ಎಂದು ಹೇಳಿದ್ದರೂ ಆಗುತ್ತಿತ್ತು, ಹೇಳಲಿಲ್ಲ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಅಂತರದ ಮಾತೆತ್ತದಿದ್ದರೆ ರೋಗಿ ಒಟ್ಟಿಗೆ ನುಂಗುವುದು ಸಹಜ. ಹೊರಗೆ ರೋಗಿ ಪೂರ್ಣ ಪ್ರಮಾಣದ ಗುಳಿಗೆ ನುಂಗುತ್ತಾರೆ, ಒಳಗೆ ಬ್ಯಾಕ್ಟೀರಿಯಾಕ್ಕೆ ಸಿಗುವುದು ಸಾಯಿಸಲಾರದ ಪ್ರಮಾಣ. ಬ್ಯಾಕ್ಟೀರಿಯಾ ಪಳಗುವುದು ಇಂತಹ ಪ್ರಮಾಣದಲ್ಲಿಯೇ.

ಮೂರನೆಯದನ್ನು ಪೊಟ್ಟಣ ನೋಡಿದ ಮೇಲೆ ಹೇಳುತ್ತೇನೆ.

ಐದನೆಯ ದಿನ

ಅವರನ್ನು ಮಗ ಆಟೊದಲ್ಲಿ ಕರೆತಂದ. 103 ಡಿಗ್ರಿ ಜ್ವರ, ನಡುಕ, ವಾಂತಿ. ಬಲ ಪಕ್ಕೆ ಮುಟ್ಟಿದರೆ ಚೀರುತ್ತಿದ್ದರು. ರಕ್ತದೊತ್ತಡ ಇಳಿಯತೊಡಗಿತ್ತು. ನಗರದ ಒಂದು ಆಸ್ಪತ್ರೆಗೆ ಸೇರಿಸಿ, ಮೊದಲ ಚುಚ್ಚುಮದ್ದು ಕೊಡುವ ಮೊದಲೇ ಮೂತ್ರ ಮತ್ತು ರಕ್ತದ ಕಲ್ಚರ್‌ಗೆ ಮಾದರಿ ತೆಗೆಸಿದೆವು. ಈ ಕ್ರಮ ಮುಖ್ಯ. ಚುಚ್ಚುಮದ್ದಿನ ನಂತರ ತೆಗೆದ ಮಾದರಿಯಲ್ಲಿ ಏನೂ ಬೆಳೆಯದೇ ಹೋಗಬಹುದು, ಆಗ ವೈದ್ಯರು ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ.

ಹಿಂದಿನ ಸಲ ಕೇಳಬೇಕಿದ್ದ ಪ್ರಶ್ನೆಯನ್ನು ಅಂದು ಬೇರೆ ರೀತಿಯಲ್ಲಿ ಕೇಳಿದೆ. ಏನು ತೆಗೆದುಕೊಂಡಿರಿ ಎನ್ನಲಿಲ್ಲ. ಮನೆಯಲ್ಲಿ ಉಳಿದಿರುವ ಎಲ್ಲ ಗುಳಿಗೆಗಳನ್ನೂ ತಂದು ತೋರಿಸು ಎಂದು ಮಗನಿಗೆ ಹೇಳಿದೆ. ಅವನು ಸಂಜೆ ಒಂದು ಪ್ಲಾಸ್ಟಿಕ್ ಚೀಲ ತಂದು ಹಾಸಿಗೆಯ ಮೇಲೆ ಸುರಿದ. ನಾಲ್ಕು ಪೊಟ್ಟಣ, ಕೆಂಪು ಗುಳಿಗೆಯ ಪಟ್ಟಿ, ನಾನು ಬರೆದಿದ್ದ ದ್ರವೌಷಧದ ಬಾಟಲಿ. ಪೊಟ್ಟಣ ಬಿಚ್ಚಿದರೆ ಒಂದೊಂದರಲ್ಲೂ ಮೂರು ಗುಳಿಗೆ. ಪಟ್ಟಿ ಕತ್ತರಿಸಿದಾಗ ಹೆಸರು ತುಂಡಾಗಿತ್ತು. ಅಕ್ಷರದ ಚೂರುಗಳನ್ನು ಜೋಡಿಸಿ ಓದಿದೆವು, ಅನುಮಾನವಿದ್ದುದನ್ನು ಅಂಗಡಿಗೆ ಫೋನ್ ಮಾಡಿ ಕೇಳಿದೆವು. ಐಬುಪ್ರೊಫೇನ್ ಮತ್ತು ಪ್ಯಾರಸಿಟಮಾಲ್ ಸೇರಿದ ಗುಳಿಗೆ ಒಂದು. ಗ್ಯಾಸಿನದು ಒಂದು. ಉದ್ದನೆಯ ಬಿಳಿಯದು ಸಿಪ್ರೊಫ್ಲಾಕ್ಸಾಸಿನ್, 500 ಮಿಲಿಗ್ರಾಂ.

ನಾಲ್ಕು ತಿಂಗಳಲ್ಲಿ ಆರು ಬಾರಿ ಎರಡೆರಡು ಹೊತ್ತು ಸಿಪ್ರೊಫ್ಲಾಕ್ಸಾಸಿನ್ ಅವರ ಕರುಳಿನಲ್ಲಿ ಹಾದುಹೋಗಿತ್ತು, ಪ್ರತಿ ಬಾರಿಯೂ ನೋವಿನ ಔಷಧದ ಜೊತೆಗೆ. ಅದೇ ಕುಟುಂಬದ ಆಫ್ಲಾಕ್ಸಾಸಿನ್ ಅನ್ನು ನಾನು ಅದರ ಮೇಲೆ ಬರೆದಿದ್ದೆ. ನನ್ನ ಮೂರನೆಯ ತಪ್ಪು ಇದು.

ಯಾವ ಔಷಧ ಎಂಬ ಚರ್ಚೆ

ಕಲ್ಚರ್ ವರದಿಗೆ ಕಾಯುವಷ್ಟು ಸಮಯವಿರಲಿಲ್ಲ. ಆಸ್ಪತ್ರೆಯ ಹಿರಿಯ ವೈದ್ಯರು ಮೊದಲು ಅಮಿಕಾಸಿನ್ ಎಂದರು. ಅಗ್ಗ, ಇಂತಹ ಸೋಂಕಿಗೆ ಇಂದಿಗೂ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಅದು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಔಷಧ, ಮತ್ತು ಮೂತ್ರಪಿಂಡ ಸೋತಂತೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಇವರಲ್ಲಿ ಆಗಲೇ 1.6 ಇತ್ತು. ಸೋಂಕು ಒಂದು ಕಾರಣ. ನೀರು ಕುಡಿಯದ ದೇಹಕ್ಕೆ ಪದೇ ಪದೇ ಐಬುಪ್ರೊಫೇನ್ ಬಿದ್ದುದು ಇನ್ನೊಂದು. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವ ವ್ಯವಸ್ಥೆಯನ್ನೇ ಈ ಗುಂಪಿನ ನೋವು ನಿವಾರಕಗಳು ಕುಗ್ಗಿಸುತ್ತವೆ. ಹೀಗೆ ಪೊಟ್ಟಣದಲ್ಲಿದ್ದ ನೋವಿನ ಗುಳಿಗೆ ನಮ್ಮ ಕೈಯಿಂದ ಒಂದು ಅಗ್ಗದ, ಒಳ್ಳೆಯ ಔಷಧವನ್ನು ಕಿತ್ತುಕೊಂಡಿತು. ಈ ಪ್ರಕರಣದಲ್ಲಿ ನನ್ನನ್ನು ಬಹುವಾಗಿ ಕಾಡಿದ ಸಂಗತಿ ಇದೇ.

ಸೆಫ್ಟ್ರಿಯಾಕ್ಸೋನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಬಗ್ಗೆಯೂ ಮಾತಾಯಿತು. ಉರಿಮೂತ್ರಕ್ಕೆ ಸಾಮಾನ್ಯ ಕಾರಣ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ನಮ್ಮ ದೇಶದ ಇ. ಕೋಲೈಗಳಲ್ಲಿ ಅದನ್ನು ಒಡೆದು ಹಾಕುವ ಕಿಣ್ವ ಇರುವವು ಬಹಳ. ರೋಗಿ ಇಷ್ಟು ಕುಸಿದಿರುವಾಗ ಆ ಜೂಜು ಬೇಡ ಎಂದು ಇಬ್ಬರೂ ಒಪ್ಪಿದೆವು. ಕೊನೆಗೆ ಎರ್ಟಾಪೆನೆಮ್, ದಿನಕ್ಕೆ ಒಂದು ಗ್ರಾಂ. ಬೇರೆ ದಾರಿ ಮುಚ್ಚಿದಾಗಲೆಂದು ವೈದ್ಯರು ಎತ್ತಿಟ್ಟುಕೊಳ್ಳುವ ಕಾರ್ಬಾಪೆನೆಮ್ ಗುಂಪಿನದು. ಒಂದು ಬಾಟಲಿಯ ಬೆಲೆ ಕೇಳಿ ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ರಾಶಿ ಇನ್ನೂ ಆಗಿರಲಿಲ್ಲ, ದಲಾಲಿಯವರ ಬಳಿ ಮುಂಗಡ ತಂದ.

ಮೂರನೆಯ ದಿನ ವರದಿ ಬಂತು. ಇ. ಕೋಲೈ, ಒಂದು ಮಿಲಿಲೀಟರಿಗೆ ಲಕ್ಷಕ್ಕೂ ಹೆಚ್ಚು. ಪಟ್ಟಿಯಲ್ಲಿ ಬ್ಯಾಕ್ಟೀರಿಯಾ ಬಗ್ಗದ ಔಷಧಗಳ ಮುಂದೆ ಆರ್, ಬಗ್ಗುವ ಔಷಧಗಳ ಮುಂದೆ ಎಸ್. ಸಿಪ್ರೊಫ್ಲಾಕ್ಸಾಸಿನ್ ಆರ್, ಆಫ್ಲಾಕ್ಸಾಸಿನ್ ಆರ್, ಸೆಫ್ಟ್ರಿಯಾಕ್ಸೋನ್ ಆರ್. ಅಮಿಕಾಸಿನ್, ನೈಟ್ರೋಫ್ಯುರಾಂಟಾಯಿನ್, ಫಾಸ್ಫೋಮೈಸಿನ್, ಕಾರ್ಬಾಪೆನೆಮ್‌ಗಳ ಮುಂದೆ ಮಾತ್ರ ಎಸ್. ರಕ್ತದಲ್ಲಿ ಏನೂ ಬೆಳೆದಿರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಲ್ಲುಗಳಿರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಏಳು ದಿನ ಚುಚ್ಚುಮದ್ದು ಮುಗಿಯುವ ಹೊತ್ತಿಗೆ ಕ್ರಿಯಾಟಿನಿನ್ 0.9ಕ್ಕೆ ಇಳಿದಿತ್ತು.

ನೋವಿನ ಗುಳಿಗೆ ಬ್ಯಾಕ್ಟೀರಿಯಾವನ್ನು ಮುಟ್ಟುತ್ತದೆಯೇ?

ನೋವು ನಿವಾರಕ ನಮ್ಮ ದೇಹದ ಮೇಲೆ ಕೆಲಸ ಮಾಡುತ್ತದೆ, ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ಮೇಲೆ. ವೈದ್ಯಕೀಯ ಕಾಲೇಜಿನಲ್ಲಿ ನಾವು ಹೀಗೆ ಕಲಿತೆವು, ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದೆವು. ಬ್ಯಾಕ್ಟೀರಿಯಾಕ್ಕೆ ಅಧ್ಯಾಯಗಳ ಅರಿವಿಲ್ಲ. ಕರುಳಿಗೆ ಬಿದ್ದುದೆಲ್ಲ ಅದರ ಪರಿಸರವೇ. 2018ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಔಷಧಗಳನ್ನು ಕರುಳಿನ 40 ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿದರು. ಮನುಷ್ಯನ ದೇಹಕ್ಕೆಂದೇ ಮಾಡಿದ ಔಷಧಗಳಲ್ಲಿ 24 ಪ್ರತಿಶತ ಕನಿಷ್ಠ ಒಂದು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನಾದರೂ ತಡೆದವು.

2025ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಕೆಲಸ ನಮ್ಮ ಪೊಟ್ಟಣಕ್ಕೆ ಇನ್ನೂ ಹತ್ತಿರದ್ದು. ವೃದ್ಧಾಶ್ರಮಗಳಲ್ಲಿ ಸಾಮಾನ್ಯವಾಗಿ ಕೊಡುವ ಒಂಬತ್ತು ಔಷಧಗಳನ್ನು ಆರಿಸಿಕೊಂಡು, ಸಿಪ್ರೊಫ್ಲಾಕ್ಸಾಸಿನ್ ಜೊತೆಗೆ ಇ. ಕೋಲೈಗೆ ಉಣಿಸಿ ನೋಡಿದರು. ಐಬುಪ್ರೊಫೇನ್ ಮತ್ತು ಪ್ಯಾರಸಿಟಮಾಲ್ ಇದ್ದಾಗ ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗದ ರೂಪಾಂತರಗಳು, ಅಂದರೆ ಜೀನ್ ಬದಲಾದ ಬ್ಯಾಕ್ಟೀರಿಯಾಗಳು, ಹೆಚ್ಚಾದವು. ಎರಡೂ ಒಟ್ಟಿಗೆ ಇದ್ದಾಗ ಪರಿಣಾಮ ಇನ್ನೂ ಹೆಚ್ಚು. ಹಾಗೆ ಹುಟ್ಟಿದ ಬ್ಯಾಕ್ಟೀರಿಯಾಗಳು ಬೇರೆ ಕೆಲವು ಆ್ಯಂಟಿಬಯೋಟಿಕ್‌ಗಳಿಗೂ ಬಗ್ಗುವುದು ಕಡಿಮೆಯಾಯಿತು.

ಒಳಗೆ ನಡೆಯುವುದು ಎರಡು ಸಂಗತಿ. ಬ್ಯಾಕ್ಟೀರಿಯಾದ ಡಿಎನ್‌ಎ ಹುರಿಗೊಂಡ ಹಗ್ಗದ ಹಾಗೆ. ನಕಲು ತೆಗೆಯುವಾಗ ಹುರಿ ಬಿಗಿಯುತ್ತದೆ, ಅದನ್ನು ಕತ್ತರಿಸಿ, ಸಡಿಲಿಸಿ, ಮತ್ತೆ ಜೋಡಿಸಲು ಗೈರೇಸ್ ಎಂಬ ಕಿಣ್ವ ಇದೆ. ಸಿಪ್ರೊಫ್ಲಾಕ್ಸಾಸಿನ್ ಹಿಡಿಯುವುದು ಈ ಗೈರೇಸನ್ನು. ಗೈರೇಸ್‌ನ ಆಕಾರ ಒಂದೆರಡು ಕಡೆ ಬದಲಾದರೆ ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಎರಡನೆಯದು, ಬ್ಯಾಕ್ಟೀರಿಯಾದ ಗೋಡೆಯಲ್ಲಿ ವಿಷವನ್ನು ಹೊರಕ್ಕೆ ಎತ್ತಿ ಹಾಕುವ ಪಂಪುಗಳಿವೆ. ಸಾಮಾನ್ಯವಾಗಿ ಅವು ನಿಧಾನವಾಗಿ ನಡೆಯುತ್ತವೆ, ಏಕೆಂದರೆ ಅವುಗಳ ಮೇಲೆ ತಡೆ ಹಾಕಿರುವ ಜೀನ್‌ಗಳಿವೆ. ಆ ತಡೆ ಕೆಟ್ಟರೆ ಪಂಪು ಹೊಲದ ಬಾವಿಗೆ ದಿನವಿಡೀ ಕರೆಂಟು ಸಿಕ್ಕ ಮೋಟಾರಿನ ಹಾಗೆ ಓಡುತ್ತದೆ, ಮತ್ತು ಹೊರಗೆಸೆಯುವಾಗ ಇದು ಯಾವ ಔಷಧ ಎಂದು ನೋಡುವುದಿಲ್ಲ. ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಈ ಎರಡೂ ಜಾಗಗಳಲ್ಲಿ ಬದಲಾವಣೆ ಕಂಡಿತು. ಆಸ್ಪಿರಿನ್‌ನ ಬಂಧುವಾದ ಸ್ಯಾಲಿಸಿಲೇಟ್ ಈ ಪಂಪಿನ ತಡೆಯನ್ನು ಸಡಿಲಿಸುತ್ತದೆ ಎಂಬುದು 1990ರ ದಶಕದಿಂದಲೇ ಗೊತ್ತಿರುವ ಮಾತು.

ಇನ್ನು, ಈ ತಾಯಿಯ ವಿಷಯದಲ್ಲಿ ನೋವಿನ ಗುಳಿಗೆಯೇ ಬ್ಯಾಕ್ಟೀರಿಯಾವನ್ನು ಬದಲಿಸಿತೇ? ಹಾಗೆಂದು ನಾನು ಹೇಳಲಾರೆ. ಪ್ರಯೋಗ ನಡೆದಿದ್ದು ಪ್ರಯೋಗಾಲಯದಲ್ಲಿ, ಮನುಷ್ಯರ ಕರುಳಿನಲ್ಲಲ್ಲ. ಅರ್ಧಕ್ಕೆ ಬಿಟ್ಟ ಸಿಪ್ರೊಫ್ಲಾಕ್ಸಾಸಿನ್ ಒಂದೇ ಈ ಕೆಲಸಕ್ಕೆ ಸಾಕು. ಅಲ್ಲದೆ ಸೆಫ್ಟ್ರಿಯಾಕ್ಸೋನ್ ಒಡೆಯುವ ಕಿಣ್ವ ಇಂತಹ ರೂಪಾಂತರದಿಂದ ಹುಟ್ಟುವುದಲ್ಲ. ಅದರ ಜೀನನ್ನು ಬ್ಯಾಕ್ಟೀರಿಯಾ ಇನ್ನೊಂದು ಬ್ಯಾಕ್ಟೀರಿಯಾದಿಂದ ಪಡೆಯುತ್ತದೆ, ನೀರು, ಆಹಾರ, ಆಸ್ಪತ್ರೆ ಎಲ್ಲಿಂದಲೂ ಬಂದಿರಬಹುದು. ಜ್ವರ ಬಂದಾಗ ಪ್ಯಾರಸಿಟಮಾಲ್ ನುಂಗಲು ಹೆದರಬೇಕೆಂದೂ ಇದರ ಅರ್ಥವಲ್ಲ. ಆ ಸಂಶೋಧಕರೂ ಹಾಗೆ ಹೇಳಿಲ್ಲ. ನಾನು ಹೇಳುವುದು ಇಷ್ಟು: ಆ್ಯಂಟಿಬಯೋಟಿಕ್ ಜೊತೆಗೆ ಇನ್ನೇನು ಹೊಟ್ಟೆಗೆ ಹೋಗುತ್ತಿದೆ ಎಂಬುದು ಚಿಕಿತ್ಸೆಯ ಭಾಗ. ಪ್ರಯೋಗಾಲಯದ ರೂಪಾಂತರದ ಮಾತನ್ನು ಬದಿಗಿಟ್ಟರೂ, ಈ ಒಂದು ಪೊಟ್ಟಣ ಜ್ವರ ಮರೆಸಿತು, ಮೂತ್ರಪಿಂಡವನ್ನು ದಣಿಸಿತು, ಆ್ಯಂಟಿಬಯೋಟಿಕ್ ತೆಗೆದುಕೊಂಡ ಸಂಗತಿಯನ್ನೇ ಮುಚ್ಚಿಟ್ಟಿತು.

ಎಣ್ಣೆಯ ಮಾತು

ಬಿಡುಗಡೆಯ ದಿನ ಇದನ್ನೆಲ್ಲ ಅವರಿಗೆ ಹೇಗೆ ತಿಳಿಸುವುದೆಂದು ಯೋಚಿಸುತ್ತಿದ್ದೆ. ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಕೊಂಡಿದೆ ಎಂದು ಆರಂಭಿಸಿದೆ ಅಷ್ಟೇ. ಅವರೇ ನನ್ನ ಮಾತನ್ನು ತಡೆದರು.

"ಕಾಯಿಕೊರಕ ಹುಳುವಿನ ಹಾಗೆ?"

ತೊಗರಿಯ ಕಾಯಿಕೊರಕ ಎಷ್ಟು ಎಣ್ಣೆಗಳಿಗೆ ಬಗ್ಗದೇ ಹೋಯಿತೆಂದು ಈ ಭಾಗದ ರೈತರಿಗೆ ಯಾರೂ ಪಾಠ ಹೇಳಬೇಕಿಲ್ಲ. ಒಂದು ಎಣ್ಣೆ ನಾಟದಾದಾಗ ಎರಡನ್ನು, ಮೂರನ್ನು ಒಂದೇ ಕ್ಯಾನಿಗೆ ಸುರಿದು ಹೊಡೆದರು. ಹೊಲದ ಖರ್ಚು ಏರಿತು, ಹುಳು ಉಳಿಯಿತು. ಕೊನೆಗೆ ಗಿಡ ಅಲುಗಿಸಿ ಹುಳುಗಳನ್ನು ಬಟ್ಟೆಯ ಮೇಲೆ ಬೀಳಿಸಿ ಆರಿಸಿದ್ದನ್ನು ಅವರು ಚಿಕ್ಕವರಿದ್ದಾಗ ಕಂಡಿದ್ದರು. "ನನ್ನ ಹೊಟ್ಟೆಗೂ ನಾನು ಕ್ಯಾನಿನಲ್ಲಿ ಎಲ್ಲ ಕಲಸಿ ಹೊಡೆದೆ ಅನ್ನಿ" ಎಂದರು. ನಾನು ಮುಂದೆ ಸೇರಿಸಬೇಕಾದ್ದು ಹೆಚ್ಚಿರಲಿಲ್ಲ. ಹೊಲಕ್ಕೆ ಎರಡು ಲೀಟರಿನ ಬಾಟಲಿ ಒಯ್ಯುವುದು, ಒಬ್ಬರು ಸೀರೆ ಹಿಡಿದು ಮರೆ ಮಾಡುವುದು, ಹೀಗೆ ಗುಂಪಿನ ಹೆಂಗಸರೇ ಮಾತಾಡಿಕೊಂಡು ಒಂದು ವ್ಯವಸ್ಥೆ ಮಾಡಿಕೊಂಡರು. ಆ ಉಪಾಯ ನನ್ನದಲ್ಲ.

ಅಂಗಡಿ

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಆ ಅಂಗಡಿಗೆ ಹೋದೆ. ಜಗಳಕ್ಕೆಂದೇ ಹೊರಟಿದ್ದೆ ಎಂದು ಒಪ್ಪಿಕೊಳ್ಳಬೇಕು. ಅಂಗಡಿಯಾತ ಕುರ್ಚಿ ಹಾಕಿ ಚಹಾ ತರಿಸಿದರು. ಎದುರಿಗೆ ಏಳೆಂಟು ಜನ ನಿಂತಿದ್ದರು. ಒಬ್ಬರ ಕೈಯಲ್ಲೂ ಚೀಟಿ ಇರಲಿಲ್ಲ.

"ನೀವು ಹೇಳುವುದು ಸರಿ ಸರ್. ಆದರೆ ಇವರಿಗೆ ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗಬೇಕು. ಬರೀ ಪ್ಯಾರಸಿಟಮಾಲ್ ಕೊಟ್ಟರೆ ನಾಳಿದ್ದು ಪಕ್ಕದ ಅಂಗಡಿಗೆ ಹೋಗುತ್ತಾರೆ."

ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವುದು ಕಾನೂನಿಗೆ ವಿರುದ್ಧ. ಅದಕ್ಕೆಂದೇ ಪಟ್ಟಿಯ ಮೇಲೆ ಕೆಂಪು ಗೆರೆ ಇರುತ್ತದೆ. ಅದನ್ನು ಹೇಳಿದೆ, ಅವರಿಗೂ ಗೊತ್ತಿತ್ತು. ಎರಡು ಮಾತಿಗೆ ಒಪ್ಪಿದರು: ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಕೊಡುವುದಿಲ್ಲ, ಮತ್ತು ಪೊಟ್ಟಣದ ಮೇಲೆ ಒಳಗಿರುವ ಗುಳಿಗೆಗಳ ಹೆಸರು ಬರೆಯುತ್ತಾರೆ.

ಮೊದಲನೆಯ ಮಾತು ಒಂದು ತಿಂಗಳೂ ನಿಲ್ಲಲಿಲ್ಲ. ಮಾರ್ಚ್‌ನಲ್ಲಿ ಅದೇ ಊರಿನಿಂದ ಬಂದ ಹುಡುಗನ ಪೊಟ್ಟಣದಲ್ಲಿ ಮತ್ತೆ ಉದ್ದನೆಯ ಬಿಳಿ ಗುಳಿಗೆ ಸಿಕ್ಕಿತು. ಎರಡನೆಯದು ಮಾತ್ರ ಇಂದಿಗೂ ನಡೆದಿದೆ. ಆ ಹುಡುಗನ ಪೊಟ್ಟಣದ ಮೇಲೆ ನೀಲಿ ಪೆನ್ನಿನಲ್ಲಿ "ಸಿಪ್ರೊ" ಎಂದು ಬರೆದಿತ್ತು, ಅದರಿಂದಲೇ ನಾನು ಅವನಿಗೆ ಬೇರೆ ಔಷಧ ಆರಿಸಲು ಸಾಧ್ಯವಾಯಿತು. ಬಯಸಿದ್ದು ಇಷ್ಟಲ್ಲ. ಆದರೂ ಹೆಸರು ಬರೆದ ಪೊಟ್ಟಣ ಹೆಸರಿಲ್ಲದ ಪೊಟ್ಟಣಕ್ಕಿಂತ ಮೇಲು, ಅದಕ್ಕಾಗಿ ನಾನು ಆತನಿಗೆ ಧನ್ಯವಾದ ಹೇಳಿದ್ದೇನೆ.

ನನ್ನ ಚಿಕಿತ್ಸಾಲಯದಲ್ಲಿ ಈಗ ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ ಇದೆ. ಬಂದವರು ಚೀಲದಲ್ಲಿ, ಸೆರಗಿನ ಗಂಟಿನಲ್ಲಿ ಇರುವ ಗುಳಿಗೆಗಳನ್ನೆಲ್ಲ ಮೊದಲು ಅದಕ್ಕೆ ಹಾಕಬೇಕು. ಆಶಾ ಕಾರ್ಯಕರ್ತೆ ಕೊಟ್ಟದ್ದು, ಗ್ಯಾಸಿನದು, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲವನ್ನೂ. ಆ್ಯಂಟಿಬಯೋಟಿಕ್ ತೆಗೆದುಕೊಂಡಿರಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಉರಿಮೂತ್ರ ಎರಡನೆಯ ಬಾರಿ ಬಂದವರಿಗೆ ಕಲ್ಚರ್ ಮಾಡಿಸದೆ ಚೀಟಿ ಬರೆಯುವುದಿಲ್ಲ. ಕೂಲಿ ತಪ್ಪದಿರಲೆಂದು ವರದಿಯನ್ನು ಮೊಬೈಲ್‌ಗೆ ಕಳಿಸುತ್ತೇವೆ.

ಆ ತಾಯಿ ಮುಂದಿನ ಅಕ್ಟೋಬರ್‌ನಲ್ಲಿ ಮತ್ತೆ ಬಂದರು, ಹತ್ತು ತಿಂಗಳ ನಂತರ. ಉರಿ ಆರಂಭವಾಗಿ ಒಂದೇ ದಿನವಾಗಿತ್ತು, ಯಾವ ಗುಳಿಗೆಯನ್ನೂ ನುಂಗಿರಲಿಲ್ಲ, ಜ್ವರವೂ ನಿಜವಾಗಿಯೇ ಇರಲಿಲ್ಲ. ಕಲ್ಚರ್‌ಗೆ ಮಾದರಿ ತೆಗೆದುಕೊಂಡು ಫಾಸ್ಫೋಮೈಸಿನ್‌ನ ಮೂರು ಗ್ರಾಂ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದೆವು, ಒಂದೇ ಸಲ. ಮೂರು ದಿನದಲ್ಲಿ ಗುಣವಾದರು. ವರದಿಯಲ್ಲಿ ಇ. ಕೋಲೈ ಇತ್ತು, ಸಿಪ್ರೊಫ್ಲಾಕ್ಸಾಸಿನ್ ಮುಂದೆ ಇನ್ನೂ ಆರ್ ಎಂದೇ ಇತ್ತು. ಹತ್ತು ತಿಂಗಳಲ್ಲಿ ಅವರು ಅದನ್ನು ಒಂದು ಸಲವೂ ಮುಟ್ಟಿರಲಿಲ್ಲ.

ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆ ಅಕ್ಷರ ಯಾವುದೆಂದು ಬೆರಳಿಟ್ಟು ತೋರಿಸಲು ಹೇಳಿದರು, ತೋರಿಸಿದೆ. ವರದಿಯ ಇನ್ನೊಂದು ಪ್ರತಿ ಬೇಕು ಎಂದರು. ಏಕೆಂದು ಕೇಳಿದೆ.

"ಅಂಗಡಿಯ ಅಣ್ಣನಿಗೆ ತೋರಿಸಬೇಕು. ಇನ್ನು ಎರಡು ತಿಂಗಳಿಗೆ ಕೊಯ್ಲು."

ಎರಡು ಪ್ರತಿ ತೆಗೆಸಿ ಕೊಟ್ಟೆ.